ಅಕ್ಕಿ ಆರಿಸುವ ಆಟ, ಪಾಕ ಹಿಡಿಯುವ ಆಟ

ಅಡುಗೆ ಮಾಡುವವರಲ್ಲಿ ಎರಡು ಬಗೆ ಎಂಬುದು ನಮಗೆಲ್ಲ ಗೊತ್ತಿರುವ ಮಾತೇ. ಹೊತ್ತಿಗೆ ಸರಿಯಾಗಿ ಒಂದು ಸಾರು, ಒಂದು ಪಲ್ಯ ಮಾಡಿಟ್ಟು ಕೈ ತೊಳೆದುಕೊಳ್ಳುವವರು ಒಂದು ಬಗೆ. ದೋಸೆ ಕಾವಲಿಗೆ ಅಂಟಿಕೊಂಡಿತೆಂದರೆ, ಉದ್ದು ಹೆಚ್ಚಾಯಿತೋ, ಹಿಟ್ಟು ಹುಳಿ ಬರಲಿಲ್ಲವೋ, ಕಾವಲಿ ಕಾದಿರಲಿಲ್ಲವೋ ಎಂದು ಮೂರು ದಿನ ಅದನ್ನೇ ಯೋಚಿಸುವವರು ಇನ್ನೊಂದು ಬಗೆ. ಒಲೆಯ ಮುಂದೆ ಇಬ್ಬರೂ ನಿಲ್ಲುವುದು ಅಷ್ಟೇ ಹೊತ್ತು. ಹಜಾರದಲ್ಲಿ ಕೂತು ನೋಡುವವರಿಗೆ ಇಬ್ಬರೂ ಅಡುಗೆ ಮಾಡ್ತಿದಾರೆ, ಅಷ್ಟೆ.

ಮೊಬೈಲಿನಲ್ಲಿ ಆಟ ಆಡುವವರ ವಿಷಯದಲ್ಲೂ ನಾವು ಹಜಾರದಲ್ಲಿ ಕೂತವರ ಹಾಗೆಯೇ ಮಾತಾಡುತ್ತೇವೆ. “ಯಾವಾಗ ನೋಡಿದ್ರೂ ಮೊಬೈಲ್ ಹಿಡ್ಕೊಂಡು ಕೂತಿರ್ತಾರೆ” ಎಂಬ ಒಂದೇ ಹಗ್ಗದಲ್ಲಿ ಮನೆಮಂದಿಯನ್ನೆಲ್ಲ ಕಟ್ಟಿಹಾಕಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಕ್ಯಾಶುಯಲ್ ಆಟಗಾರರು, ಹಾರ್ಡ್‌ಕೋರ್ ಆಟಗಾರರು ಎಂದು ಬೇರೆ ಬೇರೆ ಹೆಸರೇ ಇದೆ ಎಂದು ನನ್ನ ಮಗ ಹೇಳಿದ. ನಾನು ಅದನ್ನು ಸುಮ್ಮನೆ ಆಡುವವರು, ಪಟ್ಟು ಹಿಡಿದು ಆಡುವವರು ಎಂದು ಕನ್ನಡ ಮಾಡಿಕೊಂಡಿದ್ದೇನೆ.

ಮನೆ ನೋಡಿಕೊಳ್ಳುವ ನಮಗೆ ಇದೆಲ್ಲ ಯಾಕೆ ಬೇಕು ಎನ್ನುತ್ತೀರಾ? ಬೇಕು. ಈ ವ್ಯತ್ಯಾಸ ತಿಳಿದದ್ದರಿಂದಲೇ ನಮ್ಮ ಮನೆಯಲ್ಲಿ ಒಂದು ಮೊಬೈಲು ಬಾವಿಗೆ ಬೀಳುವುದು ತಪ್ಪಿತು.

ನಮ್ಮದು ತಿಪಟೂರು. ನಮ್ಮವರಿಗೆ ಕೊಬ್ಬರಿ ವ್ಯಾಪಾರ. ಮಗ ದ್ವಿತೀಯ ಪಿಯುಸಿ. ಜೊತೆಗೆ ಎಪ್ಪತ್ತಮೂರು ವರ್ಷದ ಅತ್ತೆ. ನಾಲ್ಕು ಜನಕ್ಕೆ ನಾಲ್ಕು ಮೊಬೈಲು, ನಾಲ್ಕಕ್ಕೂ ಆಟದ ಹುಚ್ಚು. ನಮ್ಮವರದು ಬಣ್ಣದ ಮಿಠಾಯಿ ಜೋಡಿಸುವ ಕ್ಯಾಂಡಿ ಕ್ರಶ್. ಮಗನದು ಬ್ಯಾಟಲ್‌ಗ್ರೌಂಡ್ಸ್ ಎಂಬ ಬಂದೂಕಿನ ಆಟ, ಅವನ ಸ್ನೇಹಿತರ ಬಾಯಲ್ಲಿ ಬಿಜಿಎಂಐ. ಅತ್ತೆಯವರದು ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವ ಟೆಟ್ರಿಸ್, ಅದೂ ಮೊಮ್ಮಗ ಬಿಟ್ಟ ಹಳೇ ಫೋನಿನಲ್ಲಿ. ನಾನೂ ಸನ್ಯಾಸಿಯಲ್ಲ. ಬೇಳೆ ಬೇಯುವಾಗ ನನ್ನದೂ ಮಿಠಾಯಿ ಆಟವೇ.

ಹೋದ ಡಿಸೆಂಬರಿನಲ್ಲಿ ಒಂದು ರಾತ್ರಿ ಊಟಕ್ಕೆ ಎಲೆ ಹಾಕಿ ನಾಲ್ಕು ಸಲ ಕರೆದರೂ ಮಗ ಕೋಣೆಯಿಂದ ಹೊರಗೆ ಬರಲಿಲ್ಲ. “ಅಪ್ಪಾ, ಈಗ ಬಿಟ್ಟು ಬಂದ್ರೆ ಮೂರು ಜನ ಸಾಯ್ತಾರೆ!” ಎಂದು ಒಳಗಿಂದಲೇ ಕೂಗಿದ. ನಮ್ಮವರಿಗೆ ಎಲ್ಲಿಲ್ಲದ ಕೋಪ ಬಂತು. “ಮಾರ್ಚಿಗೆ ಪರೀಕ್ಷೆ ಇಟ್ಕೊಂಡು ಇವನು ಯಾರನ್ನ ಬದುಕಿಸ್ತಿದಾನೆ? ನಾಳೆ ಬೆಳಿಗ್ಗೆ ಆ ಫೋನು ಬಾವಿಗೆ ಹೋಗುತ್ತೆ ನೋಡು” ಎಂದರು. ಹಿತ್ತಲಲ್ಲಿ ಬಾವಿ ಇರುವ ಮನೆ ನಮ್ಮದು. ಅದು ಬರೀ ಬಾಯಿಮಾತಾಗಿ ಉಳಿಯುವ ಲಕ್ಷಣ ಕಾಣಲಿಲ್ಲ. “ಒಂದು ವಾರ ತಾಳಿ, ಲೆಕ್ಕ ಹಾಕಿ ನೋಡೋಣ” ಎಂದೆ. ವ್ಯಾಪಾರಸ್ಥರಿಗೆ ಲೆಕ್ಕ ಅಂದರೆ ಒಂದು ಗೌರವ. ಒಪ್ಪಿದರು.

ಈಗಿನ ಫೋನುಗಳಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಹೋಯಿತು ಎಂದು ಅದೇ ಬರೆದಿಟ್ಟುಕೊಂಡಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಪ್ರತಿ ರಾತ್ರಿ ಅದನ್ನು ನೋಡಿ, ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯುತ್ತ ಹೋದೆ. ವಾರ ಮುಗಿದಾಗ ಮಗನದು ಒಂಬತ್ತು ಗಂಟೆ ಚಿಲ್ಲರೆ. ನಮ್ಮವರದು ಹನ್ನೊಂದು! “ನಾನೆಲ್ಲಿ ಆಡ್ತೀನೆ? ಗಿರಾಕಿ ಇಲ್ದಾಗ ಒಂದೈದು ನಿಮಿಷ...” ಎಂದರು ಪಾಪ. ಆ ಐದೈದು ನಿಮಿಷಗಳೇ ಸೇರಿ ಹನ್ನೊಂದು ಗಂಟೆಯಾಗಿದ್ದವು. ಹಾಗಾದರೆ ಪಟ್ಟು ಹಿಡಿದು ಆಡುವವರು ನಮ್ಮವರು, ಸುಮ್ಮನೆ ಆಡುವವನು ಮಗ ಎನ್ನೋಣವೆ? ಅದೂ ಸರಿಹೋಗುವುದಿಲ್ಲ. ಗಡಿಯಾರ ನೋಡಿ ಇವರನ್ನು ಬೇರೆ ಮಾಡುವುದಕ್ಕೆ ಆಗುವುದಿಲ್ಲ ಎಂಬುದು ನನಗೆ ಅಲ್ಲೇ ಖಾತ್ರಿಯಾಯಿತು.

ಮತ್ತೆ ಯಾವುದರಿಂದ ಗೊತ್ತುಮಾಡುವುದು? ಮೊದಲು ಆಟಗಳನ್ನೇ ನೋಡಿ. ಕ್ಯಾಂಡಿ ಕ್ರಶ್ 2012ರಲ್ಲಿ ಬಂದದ್ದು. ಒಂದು ಹಲಗೆ ಮುಗಿಸುವುದಕ್ಕೆ ಮೂರೋ ನಾಲ್ಕೋ ನಿಮಿಷ ಸಾಕು. ಮಧ್ಯದಲ್ಲಿ ಬಿಟ್ಟು ಎದ್ದರೆ ಮಿಠಾಯಿಗಳು ಹಾಗೇ ಕಾದುಕೊಂಡು ಕೂತಿರುತ್ತವೆ. ಐದು ಜೀವ ಕೊಟ್ಟಿರುತ್ತಾರೆ. ಸೋತರೆ ಒಂದು ಹೋಗುತ್ತದೆ, ಅರ್ಧ ಗಂಟೆ ಕಾದರೆ ಒಂದು ತಾನಾಗಿ ಬರುತ್ತದೆ. ಕಾಯಲಾರದವರಿಗೆ ದುಡ್ಡಿಗೆ ಮಾರುವುದೂ ಉಂಟು. ಇದು ಮೊರದಲ್ಲಿ ಅಕ್ಕಿ ಆರಿಸುವ ಕೆಲಸದ ಹಾಗೆ. ಬಾಗಿಲಲ್ಲಿ ಸೊಪ್ಪಿನವಳು ಕೂಗಿದರೆ ಮೊರ ಇಟ್ಟು ಹೋಗಿ, ಎರಡು ಕಟ್ಟು ಕೊತ್ತಂಬರಿಗೆ ಚೌಕಾಸಿ ಮಾಡಿ, ವಾಪಸು ಬಂದು ಮತ್ತೆ ಕೂರಬಹುದು. ಅಕ್ಕಿಗೇನೂ ಬೇಜಾರಿಲ್ಲ.

ಮಗನ ಆಟ ಹಾಗಲ್ಲ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಸಾಮಾನ್ಯವಾಗಿ ನಾಲ್ಕು ನಾಲ್ಕು ಜನರ ಗುಂಪು. ಆಡಬಹುದಾದ ಜಾಗ ಸುತ್ತಲಿಂದ ಕುಗ್ಗುತ್ತ ಬರುತ್ತದೆ. ಕೊನೆಗೆ ಉಳಿದ ಗುಂಪು ಗೆದ್ದ ಹಾಗೆ. ಕೊನೆಯವರೆಗೆ ಉಳಿದರೆ ಒಂದು ಆಟಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ನಿಲ್ಲಿಸಿ ಆಮೇಲೆ ಮುಂದುವರಿಸುತ್ತೇನೆ ಎನ್ನುವ ಹಾಗಿಲ್ಲ, ಯಾಕೆಂದರೆ ಎದುರಿಗಿರುವವರು ನಿಜವಾದ ಮನುಷ್ಯರು, ಬೇರೆ ಬೇರೆ ಊರಿನಲ್ಲಿ ಕೂತವರು. ಇದು ಮೈಸೂರುಪಾಕಿಗೆ ಪಾಕ ಹಿಡಿದ ಹಾಗೆ. ಒಂದೆಳೆ ಬಂದ ಹೊತ್ತಿಗೆ ಸರಿಯಾಗಿ ಫೋನ್ ಮಾಡಿದ ನೆಂಟರ ಮೇಲೆ ನಿಮಗೆ ಎಂಥ ಪ್ರೀತಿ ಉಕ್ಕುತ್ತದೆ, ಹೇಳಿ! ಒಂದು ನಿಮಿಷ ತಡವಾದರೆ ಮೈಸೂರುಪಾಕು ಹೋಗಿ ಕಲ್ಲು.

ಇದನ್ನು ತಿಳಿದುಕೊಂಡ ಮೇಲೆ ಊಟದ ಹೊತ್ತಿನ ಜಗಳಕ್ಕೆ ಮದ್ದು ಸಿಕ್ಕಿತು. ಅರ್ಧ ಗಂಟೆ ಆಡು, ಒಂದು ಗಂಟೆ ಆಡು ಎಂದು ಹೇಳುವುದನ್ನು ಬಿಟ್ಟೆವು. “ಇವತ್ತು ಎಷ್ಟು ಆಟ?” ಎಂದು ಶುರುವಿಗೆ ಮುಂಚೆಯೇ ಕೇಳುವುದು. “ಎರಡು” ಎಂದರೆ ಎರಡು. ಎಂಟೂವರೆಗೆ ಎಲೆ ಹಾಕುವುದಾದರೆ ಎಂಟರ ಮೇಲೆ ಹೊಸ ಆಟ ತೆಗೆಯುವ ಹಾಗಿಲ್ಲ. ಪಾಕ ಒಲೆಯ ಮೇಲಿದ್ದಾಗ ನಾವು ಕರೆಯುವುದಿಲ್ಲ, ಊಟಕ್ಕೆ ಕರೆಯುವ ಹೊತ್ತಿಗೆ ಅವನು ಪಾಕ ಇಡುವುದಿಲ್ಲ. ಡಿಸೆಂಬರಿನಿಂದ ಈಚೆಗೆ ಎರಡೇ ಎರಡು ಸಲ ಮಾತು ತಪ್ಪಿದ್ದಾನೆ. ಹದಿನೇಳು ವರ್ಷದ ಹುಡುಗನಿಗೆ ಅದು ದೊಡ್ಡ ಅಪರಾಧವೇನಲ್ಲ.

ಆದರೆ ಪಾಕದ ಆಟ ಆಡುವವರೆಲ್ಲ ಪಟ್ಟು ಹಿಡಿದವರೂ ಅಲ್ಲ, ಅಕ್ಕಿ ಆಟದವರೆಲ್ಲ ಸುಮ್ಮನೆ ಆಡುವವರೂ ಅಲ್ಲ. ನಿಜವಾದ ವ್ಯತ್ಯಾಸ ಕಾಣುವುದು ಸೋತ ಮೇಲೆ. ಇದನ್ನು ನನಗೆ ತೋರಿಸಿಕೊಟ್ಟವರು ಅತ್ತೆ.

ನಮ್ಮವರು ಸೋತರೆ “ಥತ್” ಎಂದು ಇನ್ನೊಂದು ಸಲ ಆಡುತ್ತಾರೆ. ಅದೇ ತಪ್ಪು, ಅದೇ ಸೋಲು. ಎರಡು ಸಾವಿರಕ್ಕೂ ಹೆಚ್ಚು ಹಲಗೆ ದಾಟಿದ್ದಾರೆ, ಹೇಗೆ ದಾಟಿದಿರಿ ಎಂದರೆ “ಹಾಗೇ ಆಯ್ತು” ಎನ್ನುತ್ತಾರೆ. ಅತ್ತೆ ಸೋತರೆ ಫೋನನ್ನು ಮಂಚದ ಮೇಲೆ ಕವುಚಿಟ್ಟು ಸ್ವಲ್ಪ ಹೊತ್ತು ಸೂರು ನೋಡುತ್ತ ಕೂರುತ್ತಾರೆ. ಆಮೇಲೆ ಹಳೇ ಡೈರಿ ತೆಗೆದು ಏನೋ ಬರೆಯುತ್ತಾರೆ. ಔಷಧಿ ಅಂಗಡಿಯವರು ಕೊಟ್ಟ ಡೈರಿ ಅದು. ಒಂದು ದಿನ ತೋರಿಸಿದರು. ಪುಟದ ತುಂಬ ಚುಕ್ಕಿ ರಂಗೋಲಿಯ ಹಾಗೆ ಚೌಕಗಳು. “ನೋಡೇ, ಎಡಗಡೆ ತುಂಬ್ಕೊಂಡು ಹೋಗ್ಬೇಕು. ಬಲಗಡೆ ಕೊನೇ ಸಾಲು ಖಾಲಿ ಬಿಡ್ಬೇಕು. ಆ ಉದ್ದನೇ ಕೋಲು ಬಂದಾಗ ಅಲ್ಲಿ ಇಳಿಸಿದ್ರೆ ನಾಲ್ಕೂ ಸಾಲು ಒಟ್ಟಿಗೆ ಮಾಯ. ಆಸೆ ಪಟ್ಟು ಮೊದ್ಲೇ ಮುಚ್ಚಿಬಿಟ್ರೆ ಕೆಟ್ಟೆ.” ಯಾರು ಹೇಳಿಕೊಟ್ಟರು ಎಂದೆ. “ಯಾರ್ ಹೇಳ್ಕೊಡ್ತಾರೆ? ಅಳಗುಳಿ ಮಣೆ ಆಡ್ವಾಗ ಯಾವ ಗುಳಿಯಿಂದ ಕಾಯಿ ಎತ್ತಿದ್ರೆ ಕೊನೇ ಕಾಯಿ ಎಲ್ಲಿ ಬೀಳುತ್ತೆ ಅಂತ ಮೊದ್ಲೇ ಎಣಿಸ್ತಿರಲಿಲ್ವೆ? ಇದೂ ಅದೇ” ಎಂದರು. ಹದಿನಾಲ್ಕು ಗುಳಿಯ ಲೆಕ್ಕ ಬಾಯಲ್ಲಿ ಇಟ್ಟುಕೊಂಡಿದ್ದವರಿಗೆ ಏಳು ಆಕಾರದ ಇಟ್ಟಿಗೆ ಯಾವ ಮಹಾ!

ಮಗನೂ ಇದೇ ಜಾತಿ. ಸೋತ ಆಟವನ್ನು ಮತ್ತೆ ಹಾಕಿಕೊಂಡು ನೋಡುತ್ತಾನೆ. “ಸೇತುವೆ ಹತ್ರ ಗಾಡಿ ನಿಲ್ಲಿಸ್ಬಾರ್ದಾಗಿತ್ತು ಕಣೋ” ಎಂದು ಸ್ನೇಹಿತರ ಜೊತೆ ಚರ್ಚೆ ನಡೆಯುತ್ತದೆ. ಆಟದ ಒಳಗೇ ಅಭ್ಯಾಸಕ್ಕೆಂದು ಒಂದು ಬಯಲು ಇದೆ. ಅಲ್ಲಿ ಗೆಲುವೂ ಇಲ್ಲ, ಅಂಕವೂ ಇಲ್ಲ. ಗೋಡೆಗೆ ಗುಂಡು ಹೊಡೆದು ಕೈ ನಡುಗದಂತೆ ಹಿಡಿಯುವುದನ್ನು ಕಲಿಯುವುದಷ್ಟೆ. ಸಂಗೀತದ ಮೇಷ್ಟ್ರ ಮನೆಯಲ್ಲಿ ಸರಳೆ ವರಸೆ ತಿದ್ದಿದ ಹಾಗೆ. ಸುಮ್ಮನೆ ಆಡುವವರು ಆ ಬಯಲಿಗೆ ಕಾಲಿಡುವುದು ಅಪರೂಪ.

ಅತ್ತೆಯವರ ಆಟಕ್ಕೆ ದೊಡ್ಡ ಚರಿತ್ರೆಯೇ ಇದೆ ಎಂದು ಮೊಮ್ಮಗ ಅಜ್ಜಿಗೆ ಓದಿ ಹೇಳಿದ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬುವರು ಮಾಡಿದ್ದು. ಮುಂದೆ 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಟಿವಿಗೆ ಜೋಡಿಸಿ ಆಡುವ ತನ್ನ ಯಂತ್ರಕ್ಕೆ ಇದನ್ನು ತಂದಿತು. ಆ ಆಟದಲ್ಲಿ 29ನೇ ಹಂತ ಬಂದರೆ ಇಟ್ಟಿಗೆಗಳು ಎಷ್ಟು ಜೋರಾಗಿ ಬೀಳುತ್ತವೆಂದರೆ, ಮನುಷ್ಯರ ಕೈಯಲ್ಲಿ ಅದಕ್ಕಿಂತ ಮುಂದೆ ಆಗುವುದಿಲ್ಲ ಎಂದೇ ವರ್ಷಗಟ್ಟಲೆ ಎಲ್ಲರೂ ನಂಬಿದ್ದರು. ಕೋಟ್ಯಂತರ ಜನ ಆಡಿದರು, ಸೋತರು, ಎದ್ದು ಹೋದರು. ಕೆಲವರು ಮಾತ್ರ ಯಾಕೆ ಆಗುವುದಿಲ್ಲ ಎಂದು ಕೇಳಿದರು. ಗುಂಡಿ ಒತ್ತುವುದನ್ನೇ ಬೇರೆ ರೀತಿ ಮಾಡಿ ನೋಡಿದರು. ಗುಂಡಿಯ ಮೇಲೆ ಒಂದು ಬೆರಳನ್ನು ಇಟ್ಟುಕೊಂಡು, ಕೈಯಲ್ಲಿ ಹಿಡಿದ ಕಂಟ್ರೋಲರಿನ ಬೆನ್ನಿನ ಮೇಲೆ ಇನ್ನೊಂದು ಕೈಯ ಬೆರಳುಗಳಿಂದ ಒಂದಾದ ಮೇಲೊಂದು, ತಬಲಾ ನುಡಿಸಿದ ಹಾಗೆ ತಟ್ಟುವ ಉಪಾಯ ಕಂಡುಹಿಡಿದರು. 2023ರ ಡಿಸೆಂಬರ್ 21ರಂದು ಅಮೆರಿಕದ ಒಕ್ಲಹೋಮದ ಹದಿಮೂರು ವರ್ಷದ ಹುಡುಗ ವಿಲ್ಲಿಸ್ ಗಿಬ್ಸನ್ 157ನೇ ಹಂತ ಮುಟ್ಟಿದ. ಅಲ್ಲಿ ಆಟವೇ ಕೈಸೋತು ಪರದೆ ಸ್ತಬ್ಧವಾಯಿತು. ಮನುಷ್ಯರಲ್ಲಿ ಅಲ್ಲಿಯವರೆಗೆ ಹೋದವನು ಅವನೇ ಮೊದಲು. ಅದೇ ತಿಂಗಳು ತಂದೆಯನ್ನು ಕಳೆದುಕೊಂಡಿದ್ದ ಹುಡುಗ, ಆ ಗೆಲುವನ್ನು ತಂದೆಗೆ ಅರ್ಪಿಸಿದ. ಇದನ್ನು ಕೇಳಿ ಅತ್ತೆ ಕಣ್ಣು ಒರೆಸಿಕೊಂಡರು. ಆಮೇಲೆ, “ಆ ಆಟ ಎಷ್ಟ್ ಹೊತ್ತು ಆಡಿದ್ನಂತೆ?” ಎಂದು ಕೇಳಿದರು. ಸುಮಾರು 38 ನಿಮಿಷ.

ಮೂವತ್ತೆಂಟು ನಿಮಿಷ! ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿತು. ನನ್ನ ಮನೆಯಲ್ಲಿ ಮೂವತ್ತೆಂಟು ನಿಮಿಷದಲ್ಲಿ ಏನೇನಾಗುತ್ತದೆ? ಕುಕ್ಕರು ಮೂರು ಸಲ ಕೂಗುತ್ತದೆ. ಗ್ಯಾಸಿನವರು ಬರುತ್ತಾರೆ. “ನನ್ನ ಬಿಳೀ ಅಂಗಿ ಎಲ್ಲಿ?” ಎಂದು ಒಬ್ಬರು, “ಅಮ್ಮಾ, ಚಾರ್ಜರ್ ನೋಡಿದ್ಯಾ?” ಎಂದು ಇನ್ನೊಬ್ಬರು. ಮೋಟರು ನಿಲ್ಲಿಸದಿದ್ದರೆ ಟ್ಯಾಂಕು ತುಂಬಿ ಹರಿಯುತ್ತದೆ. ನನ್ನ ದಿನವೆಲ್ಲ ಚೂರು ಚೂರು. ಮೂರು ನಿಮಿಷ ಇಲ್ಲಿ, ನಾಲ್ಕು ನಿಮಿಷ ಅಲ್ಲಿ. ಮಿಠಾಯಿ ಆಟ ನನ್ನಂಥವರ ಕೈಗೆ ಇಷ್ಟು ಚೆನ್ನಾಗಿ ಹೊಂದಿದ್ದು ಸುಮ್ಮನೆ ಅಲ್ಲ. ಅದು ಚೂರು ಹೊತ್ತಿಗೆ ಅಳೆದು ಹೊಲಿದ ರವಿಕೆ.

ಅತ್ತೆಗೆ ಇದನ್ನೇ ಹೇಳಿದೆ. ಅವರು ನಕ್ಕರು. “ನಂಗೀಗ ಯಾರೂ ಕರೆಯಲ್ಲ ಕಣೇ, ಅದಕ್ಕೇ ಆಡ್ತೀನಿ. ಹದಿನೆಂಟಕ್ಕೆ ಈ ಮನೆಗೆ ಬಂದೆ. ಅಳಗುಳಿ ಮಣೇನೂ ತಂದಿದ್ದೆ. ಮೊದಲ್ನೇ ಬಾಣಂತನ ಆಗೋದ್ರೊಳಗೆ ಅದು ಅಟ್ಟಕ್ಕೆ ಹೋಯ್ತು. ಐವತ್ತು ವರ್ಷ ಆದ್ಮೇಲೆ ಈಗ ಕೈ ಖಾಲಿಯಾಗಿದೆ.” ಎಷ್ಟು ಸಲೀಸಾಗಿ ಹೇಳಿದರು! ನನಗೆ ಮಾತ್ರ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕೊನೇ ಕಾಯಿ ಬೀಳುವ ಗುಳಿಯನ್ನು ಮೊದಲೇ ಎಣಿಸುವ ಬುದ್ಧಿ ಐವತ್ತು ವರ್ಷ ಅಟ್ಟದ ಮೇಲೆ ಧೂಳು ಹಿಡಿದಿತ್ತಲ್ಲ ಎಂದು.

ಸುಮ್ಮನೆ ಆಡುವವರಲ್ಲಿ ಛಲ ಇಲ್ಲ ಎನ್ನುವವರಿಗೆ ಇಷ್ಟು ಹೇಳಬೇಕು. ಸೋಲನ್ನು ಕುರಿತು ಯೋಚಿಸುವುದಕ್ಕೂ ಪುರುಸೊತ್ತು ಬೇಕು, ತಾಯಿ. ಒಬ್ಬರ ಸ್ವಭಾವ ಎಂದು ನಾವು ತಿಳಿದುಕೊಂಡಿರುವುದು ಎಷ್ಟೋ ಸಲ ಅವರಿಗೆ ಸಿಕ್ಕ ಬಿಡುವಿನ ಅಳತೆ ಮಾತ್ರ. ಹಾಗೆಂದು ಸುಮ್ಮನೆ ಆಡುವುದು ಕೀಳು ಎಂದಲ್ಲ. ನಮ್ಮ ಎದುರುಮನೆ ಅಕ್ಕನ ಮಗಳು ಮಸ್ಕತ್ತಿನಲ್ಲಿದ್ದಾಳೆ. ತಾಯಿ ಮಗಳು ದಿನಾ ಸಂಜೆ ಮೊಬೈಲಿನಲ್ಲೇ ಲೂಡೋ ಆಡುತ್ತಾರೆ. ಯಾರು ಗೆದ್ದರೆಂದು ಇಬ್ಬರಿಗೂ ನೆನಪಿರುವುದಿಲ್ಲ. ಅವರಿಗೆ ಬೇಕಾದದ್ದು ಗೆಲುವಲ್ಲ, ಆ ಅರ್ಧ ಗಂಟೆಯ ಜೊತೆ. ನಮ್ಮವರಿಗೂ ಅಷ್ಟೆ, ದರ ಬಿದ್ದ ದಿನ ಆ ಮಿಠಾಯಿಗಳು ತಲೆ ಹಗುರ ಮಾಡುತ್ತವೆ. ಎಲ್ಲ ಊಟವೂ ಹಬ್ಬದ ಊಟ ಆಗಬೇಕೇನು?

ಈಗ ಮೂರನೆಯ ಬಗೆ. ಇದನ್ನು ಹೇಳದಿದ್ದರೆ ನನ್ನ ಲೇಖನ ಉಪ್ಪಿಲ್ಲದ ಸಾರು. ಪಟ್ಟು ಹಿಡಿದು ಆಡುವವರು ಬೇರೆ, ಆಟದ ಪಟ್ಟಿಗೆ ಸಿಕ್ಕಿದವರು ಬೇರೆ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂದು ಹಿರಿಯರು ಅಂದದ್ದು ಇದಕ್ಕೇ ಇರಬೇಕು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಆಟದ ಚಟವೂ ಸೇರಿದೆ. ಅದರ ಗುರುತು ಮೂರು. ಆಟದ ಮೇಲೆ ಹಿಡಿತ ತಪ್ಪುವುದು. ಊಟ, ನಿದ್ದೆ, ಓದು, ನೆಂಟರು ಎಲ್ಲಕ್ಕಿಂತ ಆಟವೇ ಮೊದಲಾಗುವುದು. ಕೆಡುಕು ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗದಿರುವುದು. ಅದೂ ಒಂದೆರಡು ವಾರ ಅಲ್ಲ, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೆ ನಡೆದಿರಬೇಕು ಎನ್ನುತ್ತಾರೆ. ಪರೀಕ್ಷೆಗೆ ಮುಂಚೆ ನಾಲ್ಕು ದಿನ ಹೆಚ್ಚು ಆಡಿದ ಹುಡುಗನಿಗೆಲ್ಲ ಈ ಹಣೆಪಟ್ಟಿ ಅಂಟಿಸುವ ಹಾಗಿಲ್ಲ. ಆದರೆ ಗುರುತು ಮೂರೂ ಕಾಣುತ್ತಿದ್ದರೆ ಫೋನು ಬಾವಿಗೆ ಹಾಕಿ ಪ್ರಯೋಜನವಿಲ್ಲ, ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕಾಗಿ ‘ಶಟ್’ ಎಂಬ ಚಿಕಿತ್ಸಾಲಯ ಶುರುವಾಯಿತು. ನಾಚಿಕೆ ಪಡುವ ವಿಷಯ ಇದಲ್ಲ.

ಹಣ ಕಟ್ಟಿ ಆಡುವ ಆಟಗಳನ್ನು ನಾನು ಈ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿತು. ಅದೇ ಕಾನೂನು ಸ್ಪರ್ಧೆಯಾಗಿ ಆಡುವ ಇ-ಸ್ಪೋರ್ಟ್ಸ್ ಬೇರೆ ಎಂದು ಗುರುತಿಸಿತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೂ ಪದಕ ಇತ್ತು. ಹಾಗೆಂದು ನನ್ನ ಮಗ ಪದಕ ತರುತ್ತಾನೆ ಎಂಬ ಭ್ರಮೆ ನನಗಿಲ್ಲ. ಹಾಡು ಕಲಿತವರೆಲ್ಲ ಕಚೇರಿ ಕೊಡುತ್ತಾರೆಯೇ?

ಇವನು ಯಾವ ಬಗೆ ಎಂದು ತಿಳಿಯಲು ನಾನು ಮಾಡಿದ್ದು ಇಷ್ಟೆ. ಜನವರಿಯಲ್ಲಿ ಒಂದು ಸಂಜೆ ಅವನ ಪಕ್ಕದಲ್ಲಿ ಕೂತು, “ಇವತ್ತು ಹೇಗೆ ಸೋತೆ?” ಎಂದು ಕೇಳಿದೆ. ಹುಡುಗ ಮುಖ ಎತ್ತಿ ನೋಡಿದ. ಆಮೇಲೆ ಇಪ್ಪತ್ತು ನಿಮಿಷ ಬಿಡಿಸಿ ಬಿಡಿಸಿ ಹೇಳಿದ. ಸೇತುವೆ, ಗಾಡಿ, ಹೊಗೆಬಾಂಬು, ತಪ್ಪಿದ ಗುರಿ. ಅರ್ಧ ನನಗೆ ಅರ್ಥವಾಗಲಿಲ್ಲ. ತನ್ನ ತಪ್ಪನ್ನು ತಾನೇ ಹುಡುಕಿ ಹೇಳಬಲ್ಲ ಎಂಬುದು ಮಾತ್ರ ಅರ್ಥವಾಯಿತು. “ಹೋದ ಕಿರುಪರೀಕ್ಷೇಲಿ ಭೌತಶಾಸ್ತ್ರದಲ್ಲಿ ಹೇಗೆ ಸೋತೆ? ಅದನ್ನೂ ಹೀಗೇ ಹೇಳು” ಎಂದೆ. ಸುಮ್ಮನಾದ. ಮಾರನೇ ದಿನ ಆ ಉತ್ತರಪತ್ರಿಕೆ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು, ಪಕ್ಕದಲ್ಲಿ ಕೆಂಪು ಪೆನ್ನು. ಫೆಬ್ರವರಿ ಬಂದಾಗ ಆಟವನ್ನು ಫೋನಿನಿಂದ ಅವನೇ ತೆಗೆದ. ಬಿಡು ಎಂದಾಗ ಬಿಡಬಲ್ಲ ಎಂಬುದನ್ನು ಕಣ್ಣಾರೆ ಕಂಡ ನಮ್ಮವರು ಬಾವಿಯ ಮಾತು ಎತ್ತಲಿಲ್ಲ. ಪರೀಕ್ಷೆ ಬರೆದಿದ್ದಾನೆ. ಅಂಕ ಎಷ್ಟೇ ಬರಲಿ, ಎಲ್ಲಿ ತಪ್ಪಿತು ಎಂದು ಹೇಳಬಲ್ಲ ಮಗ ಎಂಬ ಸಮಾಧಾನ ನನಗಿದೆ.

ನನಗೂ ಒಂದು ಲಾಭವಾಯಿತೆನ್ನಿ. ಭಾನುವಾರ ಮೂರರಿಂದ ನಾಲ್ಕರವರೆಗೆ ನನ್ನನ್ನು ಯಾರೂ ಕರೆಯಬಾರದು ಎಂದು ಮನೆಯಲ್ಲಿ ಗೊತ್ತುಮಾಡಿಸಿದ್ದೇನೆ. ಅತ್ತೆಯ ಬೆಂಬಲ ಇತ್ತು. ಆ ಹೊತ್ತಿನ ಕಾಫಿ ನಮ್ಮವರದು. ಡಿಕಾಕ್ಷನ್ ತೆಳುವಾದರೂ ಕುಡಿಯುತ್ತೇವೆ. ಅಟ್ಟದಿಂದ ಅಳಗುಳಿ ಮಣೆ ಇಳಿಸಿ, ಒರೆಸಿ, ಹುಣಸೆಬೀಜ ಹಾಕಿಕೊಂಡು ಅತ್ತೆ ಸೊಸೆ ಆಡುತ್ತೇವೆ. ಇಲ್ಲಿಯವರೆಗೆ ಒಂದು ಸಲವೂ ನಾನು ಗೆದ್ದಿಲ್ಲ. ಆದರೆ ಯಾವ ಗುಳಿಯಿಂದ ಎತ್ತಬಾರದಾಗಿತ್ತು ಎಂಬುದು ಈಚೆಗೆ ಆಟ ಮುಗಿಯುವುದಕ್ಕೆ ಮುಂಚೆಯೇ ಹೊಳೆಯುತ್ತದೆ.

ನಿಮ್ಮ ಮನೆಯಲ್ಲೂ ಯಾರಾದರೂ ಮೊಬೈಲ್ ಹಿಡಿದು ಕೂತಿದ್ದರೆ, “ಎಷ್ಟು ಹೊತ್ತು ಆಡ್ತೀಯಾ?” ಎನ್ನುವ ಮೊದಲು ಒಂದು ಸಲ “ಹೇಗೆ ಸೋತೆ?” ಎಂದು ಕೇಳಿ ನೋಡಿ. “ಹಾಗೇ ಆಯ್ತು” ಎಂದರೆ ಸುಮ್ಮನೆ ಆಡುವವರು, ಬೇರೆ ಕೆಲಸಕ್ಕೆ ಕರೆದರೆ ಬಂದಾರು. ಬಿಡಿಸಿ ಹೇಳಿದರೆ ಪಟ್ಟು ಹಿಡಿದವರು, ಪಾಕ ಇಳಿಸುವವರೆಗೆ ಸ್ವಲ್ಪ ತಾಳಿ. ಸೋಲೂ ಬೇಡ ಗೆಲುವೂ ಬೇಡ, ಫೋನು ಒಂದು ಕೈಯಲ್ಲಿದ್ದರೆ ಸಾಕು ಎಂಬಂತೆ ಮುಖ ತಿರುಗಿಸಿದರೆ, ಆಗ ಬೈಯುವುದನ್ನು ಬಿಟ್ಟು ಹತ್ತಿರ ಕೂತುಕೊಳ್ಳಿ. ಆ ಮಗುವಿಗೆ ಆಟಕ್ಕಿಂತ ಹೆಚ್ಚಾಗಿ ಬೇರೇನೋ ಬೇಕಾಗಿದೆ.